ಮಂಜುಗಡ್ಡೆ ಕಳೆದು

ಓಲೆಸುಂಡಿನ ಮೀನುಕಟ್ಟೆಯಲ್ಲಿ ತಕ್ಕಡಿಯ ಮುಂದೆ
ಮೂವತ್ತೊಂದು ವರ್ಷ ನಿಂತವಳು ನಾನು, ಹೆರ್ಡಿಸ್.
ಪೆಟ್ಟಿಗೆ ಬಂದರೆ ಮೊದಲು ಒಟ್ಟು ತೂಕ,
ಆಮೇಲೆ ಮಂಜುಗಡ್ಡೆಯ ತೂಕ,
ಕಳೆದು ಉಳಿದದ್ದು ಮೀನು.
ಗಡ್ಡೆಯನ್ನೂ ಮೀನೆಂದು ಬರೆಸಲು ನೋಡಿದ ದೋಣಿಯೊಡೆಯರು
ಎಷ್ಟು ಮಂದಿ! ಎಲ್ಲರೂ ನಗುಮುಖದವರೇ.

ಇವತ್ತು ಅಂಚೆಯಲ್ಲಿ ಕಂಪನಿಯ ಕಾಗದ.
ನುಣುಪು ಹಾಳೆ, ನೀಲಿ ಸಮುದ್ರ, ಹಲ್ಲು ಬಿಟ್ಟ ಅಧ್ಯಕ್ಷ.
ಮೂವತ್ತು ಕೋಟಿ ಡಾಲರ್ ಹೊಸ ಸಾಲ ಎತ್ತಿದ್ದಾರಂತೆ
ಹಳೆಯದನ್ನು ತೀರಿಸಲಿಕ್ಕೆ.
ಹಳೆಯದಕ್ಕೆ ಬಡ್ಡಿ ಎಂಟು.
ಹೊಸದಕ್ಕೆ ಎಷ್ಟು ಎಂಬುದು ಹದಿನೇಳನೆಯ ಪುಟದಲ್ಲಿ,
ಇರುವೆಗಾತ್ರದ ಅಕ್ಷರದಲ್ಲಿ:
ಹನ್ನೆರಡೂ ಮುಕ್ಕಾಲು.

"ಒಳ್ಳೆಯ ಸುದ್ದಿ," ಎಂದ ಫೋನಿನಲ್ಲಿ ದಲ್ಲಾಳಿ ಗೌಟೆ,
"ಸಾಲ ಹುಟ್ಟಿತು ಅಂದರೆ ಯಾರೋ ನಂಬಿದರು ಅಂತ ತಾನೆ?"
ನಂಬಿದವರು ಹನ್ನೆರಡೂ ಮುಕ್ಕಾಲು ಕೇಳುತ್ತಾರೆಯೇ, ಮಗೂ?

ಕರೆಂಟು ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ.
ದಿನಕ್ಕೆ ಒಂದು ಲಕ್ಷದ ಐದು ಸಾವಿರ ಡಾಲರ್, ಹತ್ತಿರ ಹತ್ತಿರ.
ಹಡಗು ಬಾವಿ ಕೊರೆದರೂ, ಕೊರೆಯದೆ ತೇಲಿದರೂ,
ಬಿರುಗಾಳಿಗೆ ಬಂದರು ಮುಚ್ಚಿದರೂ,
ಕ್ರಿಸ್‌ಮಸ್ಸಿನಂದೂ.
ಬಡ್ಡಿಗೆ ಭಾನುವಾರ ಗೊತ್ತಿಲ್ಲ.
ಹಡಗಿನ ಕರಾರು ಮಾರ್ಚಿಗೆ ಮುಗಿಯುತ್ತದೆ;
ಮುಂದಿನದು "ಮಾತುಕತೆಯಲ್ಲಿದೆ".

ಲಾಭ ಬಂದಿದೆ ಎನ್ನುತ್ತದೆ ಕಾಗದ. ಬಂದಿದೆ, ದಪ್ಪಕ್ಷರದಲ್ಲಿ;
ಪಕ್ಕದಲ್ಲೇ ತೆಳ್ಳಗೆ: ಬಡ್ಡಿಗೆ ಮುಂಚೆ.
ನನಗೆ ನಗು ಬಂತು.
ಮಂಜುಗಡ್ಡೆ ಸಮೇತ ತೂಗಿದ್ದಾರೆ.

ಆದರೂ ಮಾರಲು ಕೈ ಬರುವುದಿಲ್ಲ.
ನಾಲ್ಕು ಸಾವಿರ ಷೇರು, ನಲವತ್ತೊಂದು ಕ್ರೋನರಿನಂತೆ ಕೊಂಡದ್ದು,
ಇಂದು ಹನ್ನೊಂದು.
ಮಾರಿದ ದಿನವೇ ನಷ್ಟ ನಷ್ಟವಾಗುವುದು,
ಅಲ್ಲಿಯತನಕ ಅದು ಬರೀ ಹವಾಮಾನ,
ಹವಾಮಾನ ಸಹಿಸುವುದು ಈ ಊರಿಗೆ ಅಭ್ಯಾಸ.

ತಂಗಿಯ ಮಗ ಸಿಗ್‌ಬ್ಯೋರ್ನ್ ಜಾಣ. ಷೇರು ಬೇಡವೆಂದು
ಆ ಹನ್ನೆರಡೂ ಮುಕ್ಕಾಲಿನ ಬಾಂಡನ್ನೇ ಕೊಂಡ.
ಅವನಿಗೆ ಮೊದಲ ಪಂಕ್ತಿ.
ನಮ್ಮಂಥ ಪಾಲುದಾರರಿಗೆ ಕೊನೆಯದು:
ಎಲ್ಲರೂ ಉಂಡು ಎದ್ದ ಮೇಲೆ
ಪಾತ್ರೆಯ ತಳಕ್ಕೆ ಸೌಟು ತಾಕುವ ಸದ್ದು.

ಮತ್ತೆ, ಆ ಕಡೆಯ ತಟ್ಟೆಗೂ ಏನಾದರೂ ಹಾಕಬೇಕಲ್ಲ.
ಮಾರ್ಚಿನಲ್ಲಿ ಎಣ್ಣೆಯ ಬೆಲೆ ಏರಿದರೆ?
ಹನ್ನೊಂದು ಅರವತ್ತಾದರೆ ಯಾರನ್ನು ಬೈಯಲಿ?
ಸಾಲ ಒಂದು ಸನ್ನೆಗೋಲು. ಎತ್ತಿದರೆ ಬಂಡೆಯನ್ನೂ ಎತ್ತುತ್ತದೆ.
ಜಾರಿದರೆ, ಹಿಡಿದವಳ ಗದ್ದಕ್ಕೇ.

ಮಧ್ಯಾಹ್ನ ದುರ್ಬೀನು ಹಿಡಿದು ಕಿಟಕಿಗೆ ಕೂತೆ.
ಫ್ಯೋರ್ಡಿನಲ್ಲಿ ಇದೇ ಕಂಪನಿಯ ಇನ್ನೊಂದು ಹಡಗು,
ಕೆಲಸವಿಲ್ಲದೆ ಎರಡು ವರ್ಷದಿಂದ ಲಂಗರಿನಲ್ಲಿ.
ಮೂರೂವರೆಗೇ ಕತ್ತಲು.
ದೀಪ ಹಚ್ಚಿಕೊಂಡು ಒಂದು ದೋಣಿ ಬಂತು;
ಇದರ ಪಂಪೊಂದನ್ನು ಬಿಚ್ಚಿ, ಹಗ್ಗ ಕಟ್ಟಿ ಇಳಿಸಿ,
ದುಡಿಯುವ ಅಕ್ಕನ ಕಡೆಗೆ ಒಯ್ದರು.
ಮೊನ್ನೆಯೂ ಒಯ್ದಿದ್ದರು, ನಾಲ್ಕು ಪೆಟ್ಟಿಗೆ.
ಹೊಸ ಪಂಪಿಗೆ ದುಡ್ಡಿಲ್ಲದ ಮನೆ
ದಿನಕ್ಕೆ ಒಂದು ಲಕ್ಷದ ಐದು ಸಾವಿರ ಎಣಿಸುತ್ತಿದೆ.

ದುರ್ಬೀನು ಕೆಳಗಿಟ್ಟೆ. ಗೌಟೆಗೆ ಫೋನು ಮಾಡಿದೆ.
"ಯಾವ ಬೆಲೆಗೆ?" ಎಂದ.
"ಇವತ್ತಿನ ಬೆಲೆಗೆ."

ಹಳೆಯ ಚಾಳಿ, ಬಿಲ್ಲಿನ ಬೆನ್ನಿಗೇ ಬರೆದೆ:
ಒಟ್ಟು, ಒಂದು ಲಕ್ಷದ ಐವತ್ತೊಂಬತ್ತು ಸಾವಿರದ ಒಂಬೈನೂರು.
ಗಡ್ಡೆ, ಒಂದು ಲಕ್ಷದ ಹದಿನೇಳು ಸಾವಿರ.
ಮೀನು, ನಲವತ್ತೆರಡು ಸಾವಿರದ ಒಂಬೈನೂರು.

ನೂರು ಷೇರು ಮಾತ್ರ ಇಟ್ಟುಕೊಂಡಿದ್ದೇನೆ.
ಯಾಕೆ ಎಂದು ಗೌಟೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ:
ವಾರ್ಷಿಕ ಸಭೆಯಲ್ಲಿ ಮೀನಿನ ಸೂಪು ಕೊಡುತ್ತಾರೆ,
ಕೆನೆ ಹಾಕಿದ್ದು, ಬಿಸಿಬಿಸಿ,
ಕೊನೆಯ ಪಂಕ್ತಿಗೂ.